ಡಾಕ್ಟರಬಾಯಿಗೆ ತಲುಪದ ಮಾತು

ನಮ್ಮ ಜತ್ತಕ್ಕೆ ಮೊಟ್ಟಮೊದಲು ಬಂದ ಹೆಣ್ಣು ಡಾಕ್ಟರರ ಬಗ್ಗೆ ಬರೆಯುತ್ತಿದ್ದೇನೆ. ಅವರ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಊರು ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಪೇಟೆಯ ಗಂಡಸರಿಗೆ ಅವರು ಡಾಕ್ಟರಬಾಯಿ, ಹೆಂಗಸರಿಗೆ ಬಾಯಾರು. ಅವರು ತೀರಿಕೊಂಡು ಬಹಳ ವರ್ಷಗಳಾದುವಂತೆ. ಸಾಂಗಲಿ ಕಡೆಯ ಯಾರೋ ಬಸ್ಸಿನಲ್ಲಿ ಮಾತಿಗೆ ಮಾತು ಬಂದು ಹೇಳಿದಾಗಲೇ ನನಗೆ ತಿಳಿದದ್ದು. ಅವರ ಜೀವನಚರಿತ್ರೆ ನನಗೆ ಗೊತ್ತಿಲ್ಲ. ಅವರ ಕೈಕೆಳಗೆ ಕಂಪೌಂಡರನಾಗಿ ಇದ್ದಷ್ಟು ಕಾಲದ್ದು ಮಾತ್ರ ಗೊತ್ತು. ಅವರ ಮೇಲೆ ಈ ತಾಲೂಕಿನಲ್ಲಿ ಒಂದು ಅಪವಾದ ಇದೆ. ಎದುರಿಗೆ ಬಂದು ಕೂತ ಬಸುರಿಯ ಕಷ್ಟ ಅವರಿಗೆ ತಿಳಿಯಲಿಲ್ಲ, ಬಾಟಲಿಯಲ್ಲಿ ಬಣ್ಣದ ನೀರು ಕೊಟ್ಟು ಕಳಿಸಿದರು, ಆ ಹೆಣ್ಣುಮಗಳು ಸತ್ತಳು ಎಂದು. ಆ ಅಪವಾದ ಸುಳ್ಳು. ಹೋದ ವರ್ಷದವರೆಗೆ, ಅದು ಸುಳ್ಳೆಂದು ಬಲ್ಲವನು ಬದುಕಿದ್ದವರಲ್ಲಿ ನಾನೊಬ್ಬನೇ.

ಸಂಸ್ಥಾನದ ಆಳಿಕೆ ಮುಗಿದು ಜತ್ತ ಮುಂಬಯಿ ಪ್ರಾಂತಕ್ಕೆ ಸೇರಿದ ಮರುವರ್ಷ ಅವರು ಬಂದರು. ಪೇಟೆಯ ಅಡತಿ ವ್ಯಾಪಾರಿಗಳು ನಾಲ್ಕಾರು ಮಂದಿ ಕೂಡಿ, ಖಾಲಿ ಬಿದ್ದಿದ್ದ, ಅರಳೆ ಕೂಡಿಡುವ ವಖಾರಿಗೆ ಸುಣ್ಣ ಹೊಡೆಸಿ, ಹೆಣ್ಣುಮಕ್ಕಳ ದವಾಖಾನೆ ಎಂದು ತೆರೆದಿದ್ದರು. ಮಿರಜ ಕಡೆಯಿಂದ ಡಾಕ್ಟರಕಿ ಓದಿದ ಬಾಯಿಯೊಬ್ಬರು ಬರುತ್ತಾರೆಂದು ಟಾಂಗಾ ಕಳಿಸಿ, ಹಾರ ತರಿಸಿ ಕಾದೆವು. ಇಳಿದವರು ಗಿಡ್ಡಗೆ, ಕಪ್ಪಗೆ, ಮೂವತ್ತೈದರ ಆಚೀಚಿನ ಹೆಂಗಸು. ಕಾಲಲ್ಲಿ ಗಂಡಸರ ಕೊಲ್ಹಾಪುರಿ ಚಪ್ಪಲಿ, ಬಗಲಲ್ಲಿ ಕೊಡೆ. ಆ ವ್ಯಾಪಾರಿಗಳಲ್ಲಿ ಹಿರಿಯರಾದ ಹಿರೇ ಸಾವಕಾರರು ಹಾರ ಕೈಗೆ ಕೊಟ್ಟರೆ ಅವರು ತಿರುಗಿ ಅದನ್ನು ಟಾಂಗಾದ ಕುದುರೆಯ ಕೊರಳಿಗೆ ಹಾಕಿದರು. ಇಷ್ಟು ದೂರ ಎಳೆದುಕೊಂಡು ಬಂದದ್ದು ಅದು ಎಂದರು ಮರಾಠಿಯಲ್ಲಿ. ಆಮೇಲೆ ನೀರಿನ ಬಾವಿ ಎಲ್ಲಿದೆ ಎಂದು ಕೇಳಿ, ಹೋಗಿ ನೋಡಿ, ಹಗ್ಗ ಹೊಲಸಾಗಿದೆ, ಬದಲಿಸಬೇಕು ಎಂದರು. ಅವರ ಸ್ವಾಗತ ಸಮಾರಂಭ ಅಷ್ಟೇ.

ಮದುವೆ ಆಗಿರಲಿಲ್ಲ. ಅದನ್ನು ಕೇಳದ ಹೆಂಗಸು ತಾಲೂಕಿನಲ್ಲಿರಲಿಲ್ಲ. ಒಮ್ಮೆ ಸೊರಡಿಯ ಮುದುಕಿಯೊಬ್ಬಳು ನಿಮಗೆ ಮಕ್ಕಳೆಷ್ಟು ಎಂದು, ಮರಾಠಿ ಬಲ್ಲ ನನ್ನ ಮೂಲಕ ಕೇಳಿದಳು. ಈ ವಾರ ಹುಟ್ಟಿದವನ್ನು ಸೇರಿಸಿ ಹೇಳಲೋ, ಬಿಟ್ಟು ಹೇಳಲೋ ಎಂದು ಬಾಯಾರು ನನ್ನ ಮೂಲಕವೇ ಕೇಳಿದರು. ಮುದುಕಿ ಬಾಯಿ ತೆರೆದು ನಕ್ಕಳು. ಬಾಯಾರು ನಗಲಿಲ್ಲ. ಆಕೆಯ ಹಲ್ಲು ನೋಡಿ, ನಾಳೆ ಬಾ, ಎರಡು ಕೀಳಬೇಕು ಎಂದರು.

ಅವರನ್ನು ದೇವತೆ ಮಾಡಿ ಬರೆಯುವ ಮನಸ್ಸು ನನಗಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಚಹಾವನ್ನು ಬಸಿಗೆ ಸುರಿದು ಹೊರಗಿನ ಬಾಕಿನ ಮೇಲೆ ಕೂತವರಿಗೂ ಕೇಳುವಂತೆ ಸೊರ್ ಎಂದು ಕುಡಿಯುತ್ತಿದ್ದರು. ರೋಗಿಗಳು ಅತ್ತರೆ ಸಮಾಧಾನ ಹೇಳುವ ರೂಢಿ ಇರಲಿಲ್ಲ, ಅಳುವುದು ಮುಗಿಯಲಿ ಎಂದು ಕಾಯುತ್ತಿದ್ದರು. ಆದರೆ ಕಾಯುವುದು ಅವರಿಗೆ ಬರುತ್ತಿತ್ತು. ಹಳ್ಳಿಗೆ ಹೆರಿಗೆಗೆ ಹೋದರೆ, ಇನ್ನೂ ಹೊತ್ತಿದೆ ಎಂದು ಕಂಡಾಗ, ಚೀಲದೊಳಗಿಂದ ಹುಣಸೆಬೀಜ ತೆಗೆದು ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆಯುತ್ತಿದ್ದರು. ಡಾಕ್ಟರಬಾಯಿ ಬಂದದ್ದಕ್ಕೆ ಮುಖ ಸಿಂಡರಿಸಿದ ಅತ್ತೆ, ಅಜ್ಜಿ, ಸೂಲಗಿತ್ತಿ ಎಲ್ಲರೂ ಒಬ್ಬೊಬ್ಬರಾಗಿ ಬಂದು ಸುತ್ತ ಕೂಡುತ್ತಿದ್ದರು. ಬಾಯಾರು ಸೋಲುತ್ತಿದ್ದರು, ಸೋತು ಜಗಳ ತೆಗೆಯುತ್ತಿದ್ದರು. ಕಾಯಿ ಹೊಡೆದದ್ದು ಹೌದೋ ಅಲ್ಲವೋ ಎಂಬ ಜಗಳಕ್ಕೆ ಮರಾಠಿಯೂ ಬೇಡ, ಕನ್ನಡವೂ ಬೇಡ. ಆಟ ಅರ್ಧಕ್ಕೆ ಬಂದಾಗ ಒಳಗಿನ ಬಸುರಿಯ ದನಿ ಬದಲಾದರೆ ಎಲ್ಲರಿಗಿಂತ ಮೊದಲು ಏಳುವವರು ಅವರೇ. ಆಗ ಸೂಲಗಿತ್ತಿಯೂ ಬಿಸಿನೀರು ಹಿಡಿದು ಹಿಂದೆ ಹೋಗುತ್ತಿದ್ದಳು. ಹಾಗೆ ಅವರು ಒಂದೊಂದು ಮನೆಯನ್ನು ಗೆದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಅಸಂಗಿಯವನು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ. ಮ್ಯಾಟ್ರಿಕ್ ಆದವನೆಂದು ಸಾವಕಾರರು ನನ್ನನ್ನು ದವಾಖಾನೆಗೆ ಇಟ್ಟರು. ಪುಡಿ ಕಟ್ಟುವುದು, ಔಷಧ ಕಲಸಿ ಬಾಟಲಿಗೆ ಗುಟುಕಿನ ಗುರುತಿನ ಕಾಗದದ ಪಟ್ಟಿ ಅಂಟಿಸುವುದು ನನ್ನ ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಬಾಯಾರ ಮಾತನ್ನು ಕನ್ನಡದಲ್ಲಿ, ಹೆಂಗಸರ ಮಾತನ್ನು ಮರಾಠಿಯಲ್ಲಿ ಹೇಳುವುದು. ಗಂಡಸರಿಗೆ ಎರಡೂ ಬರುತ್ತಿದ್ದವು, ಸಂತೆ, ಕಚೇರಿ ತಿರುಗಿದವರು. ಹಳ್ಳಿಯ ಹೆಣ್ಣುಮಕ್ಕಳಿಗೆ ಕನ್ನಡ ಒಂದೇ. ಬಾಯಾರಿಗೆ ಆಗ ಕನ್ನಡದಲ್ಲಿ ಬರ್ರಿ, ಕುಂದ್ರಿ ಬಿಟ್ಟರೆ ಬೇರೆ ಇರಲಿಲ್ಲ. ದವಾಖಾನೆಗೆ ಹೆಂಗಸೊಬ್ಬಳನ್ನು ಈ ಕೆಲಸಕ್ಕೆ ಕೊಡಿ ಎಂದು ಅವರು ಮೊದಲ ವಾರವೇ ಕೇಳಿದ್ದರು. ಎರಡೂ ಭಾಷೆ ಬಲ್ಲ, ಮನೆಬಿಟ್ಟು ಬಂದು ದುಡಿಯುವ ಹೆಂಗಸು ಪೇಟೆಯಲ್ಲಿ ಸಿಕ್ಕಲಿಲ್ಲ. ಹೀಗಾಗಿ ಒಂದು ಏರ್ಪಾಡಾಯಿತು. ಒಳಗೆ ಹೆಂಗಸು ಮತ್ತು ಬಾಯಾರು. ನಡುವೆ ದಪ್ಪ ಖಾದಿಯ ಪಡದೆ. ಈಚೆ ನಾನು, ಬೆನ್ನು ಪಡದೆಗೆ, ಮುಖ ಬಾಗಿಲಿಗೆ. ಬಾಗಿಲಾಚೆ ಬಾಕಿನ ಮೇಲೆ ಗಂಡಂದಿರು, ಮಾವಂದಿರು, ಬಂಡಿ ಹೊಡೆದುಕೊಂಡು ಬಂದವರು.

ಬಾಯಾರು ಬಸುರಿಯರಿಗೆ ಕೇಳುವ ಪ್ರಶ್ನೆಗಳು ಗೊತ್ತಾದ ಸಾಲಿನಲ್ಲಿ ಬರುತ್ತಿದ್ದವು. ಮೊದಲನೆಯದು ಯಾವಾಗಲೂ ರಕ್ತದ್ದು. ನಾನು ಅದನ್ನು ಕನ್ನಡದಲ್ಲಿ ಕೇಳುವಾಗ ರಕ್ತ ಎನ್ನುತ್ತಿರಲಿಲ್ಲ, ಏನರ ತ್ರಾಸ ಐತೇನು ಎನ್ನುತ್ತಿದ್ದೆ. ಬಾಕಿನ ಮೇಲಿನ ಗಂಡಸರ ಕಣ್ಣು ನನ್ನ ಮುಖದ ಮೇಲೆ ಇರುತ್ತಿತ್ತು. ಉತ್ತರ ಬಂದಾಗಲೂ ಅಷ್ಟೇ. ಸೊಂಟದ ಕೆಳಗಿನದೆಲ್ಲ ನನ್ನ ಬಾಯಿಯಲ್ಲಿ ಹೊಟ್ಟೆನೋವು ಆಗುತ್ತಿತ್ತು, ಇಲ್ಲವೆ ನಿಶ್ಶಕ್ತಿ. ಬಾಯಾರು ಕೆಲವನ್ನು ಕೈಯಿಂದ, ಕಣ್ಣಿಂದ ತಾವೇ ಕಂಡುಕೊಳ್ಳುತ್ತಿದ್ದರು. ಕೆಲವು ಸಲ ಪಡದೆ ಸರಿಸಿ ನನ್ನನ್ನು ಬೈಯುತ್ತಿದ್ದರು. ನನ್ನನ್ನು ಅವರು ಏಕವಚನದಲ್ಲಿ, ಮಾಸ್ತರ ಎಂದು ಕರೆಯುತ್ತಿದ್ದರು, ಮ್ಯಾಟ್ರಿಕ್ ಆಗಿದ್ದೇನೆಂಬ ನನ್ನ ಜಂಬವನ್ನು ಅಣಕಿಸಿ. ‘ಮಾಸ್ತರ, ನನಗೆ ಆಕೆಯ ಮರ್ಯಾದೆ ಬೇಡ, ರೋಗ ಬೇಕು. ಮರ್ಯಾದೆ ಆಕೆ ಮನೆಗೆ ತಗೊಂಡು ಹೋಗಲಿ.’ ಆಗಲಿ ಎನ್ನುತ್ತಿದ್ದೆ. ಸ್ವಲ್ಪ ದಿನ ಬಿಡಿಸಿ ಹೇಳುತ್ತಿದ್ದೆ, ಮತ್ತೆ ಹಳೆಯ ದಾರಿಗೆ ಬರುತ್ತಿದ್ದೆ.

ಆ ಹೆಣ್ಣುಮಗಳು ನಮ್ಮ ಮನೆಯವಳೇ. ಚಿಗವ್ವನ ಸೊಸೆ. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ. ಆಕೆಯ ಮಗ ನನಗಿಂತ ಸಣ್ಣವ, ತಮ್ಮನಂತೆಯೇ ಬೆಳೆದವ. ಅಸಂಗಿಯಲ್ಲಿ ಎಲ್ಲರದೂ ಒಂದೇ ಮನೆ, ಒಂದೇ ಒಲೆ. ತಮ್ಮನ ಹೆಂಡತಿಗೆ ನಾನು ಭಾವ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನೆದುರು ತಲೆಯ ಮೇಲಿನ ಸೆರಗು ಇಳಿಸುವುದಿಲ್ಲ, ಮಾತಾಡುವುದಿಲ್ಲ. ನಾನು ಪಡಸಾಲೆಗೆ ಬಂದರೆ ಆಕೆ ಒಳಗೆ ಹೋಗುತ್ತಿದ್ದಳು. ಮದುವೆಯಾಗಿ ಬಂದು ವರ್ಷದ ಮೇಲಾಗಿದ್ದರೂ ನಾನು ಆಕೆಯ ದನಿ ಕೇಳಿರಲಿಲ್ಲ.

ಚೊಚ್ಚಲ ಬಸುರಿ, ಎಂಟನೆಯ ತಿಂಗಳು. ಒಂದು ಮುಂಜಾನೆ ಚಿಗವ್ವ ಆಕೆಯನ್ನು ಕರೆದುಕೊಂಡು ದವಾಖಾನೆಗೆ ಬಂದಳು. ನನ್ನನ್ನು ನೋಡಿ ಚಿಗವ್ವನಿಗೆ ಧೈರ್ಯ ಬಂತು, ಮನೆಯವನೇ ಇದ್ದಾನಲ್ಲ ಎಂದು. ಒಳಗೆ ಹೋದರು. ಬಾಯಾರು ಮೊದಲ ಪ್ರಶ್ನೆ ಕೇಳಿದರು. ನಾನು ಏನರ ತ್ರಾಸ ಐತೇನು ಎಂದೆ, ಪಡದೆಗೆ ಬೆನ್ನು ಮಾಡಿ. ಒಳಗಿಂದ ಉತ್ತರವಿಲ್ಲ. ಬಾಯಾರು ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ಹೇಳಿದೆ. ಆಗ ಚಿಗವ್ವ ಸೊಸೆಗೆ ಸಣ್ಣ ದನಿಯಲ್ಲಿ ಹೇಳುವುದು ಕೇಳಿಸಿತು.

‘ಹೇಳವಾ. ಅಂವ ಇಲ್ಲಿ ನಿಮ್ಮ ಭಾವ ಅಲ್ಲ, ದವಾಖಾನಿ ಮನಶ್ಯಾ.’

ಸ್ವಲ್ಪ ಹೊತ್ತು ಬಳೆಯ ಸಪ್ಪಳ ಮಾತ್ರ. ಆಮೇಲೆ ಆಕೆ, ಪಡದೆಯ ಈಚೆ ನನಗಷ್ಟೇ ಕೇಳುವಂತೆ, ಹೇಳಿದಳು.

‘ನೋವಿಲ್ಲರಿ. ನೋವಿಲ್ಲದ ನೆತ್ತರ ಹೋಗತೈತಿ. ಹ್ವಾದ ವಾರ ಒಮ್ಮಿ ಹೋತು, ನಿನ್ನೆ ಮತ್ತ ಹೋತು.’

ನಾನು ಆಕೆಯ ದನಿ ಕೇಳಿದ್ದು ಅದೊಂದೇ ಸಲ. ಸಣ್ಣ ಹುಡುಗಿಯ ದನಿ, ಆದರೆ ನಡುಗಲಿಲ್ಲ. ಹುಟ್ಟಿದಾಗಿನಿಂದ ಕಲಿತ ನಾಚಿಕೆಯನ್ನು ಬದಿಗಿಟ್ಟು ಭಾವನೆದುರು ಆ ಮಾತು ಆಡಿದಳು. ಬಾಯಾರು, ಏನಂದಳು ಎಂದು ಕೇಳಿದರು. ಬಾಕಿನ ಮೇಲೆ ಅಸಂಗಿಯವರೇ ಇಬ್ಬರು ಕೂತಿದ್ದರು. ಮರಾಠಿ ಅವರಿಗೂ ಬರುತ್ತಿತ್ತು. ನಮ್ಮ ಮನೆಯ ಸೊಸೆಯ ಒಳಗಿನ ಸಂಗತಿ ನನ್ನ ಬಾಯಿಂದ ಹೊರಟು ಅವರ ಕಿವಿಗೆ ಬಿದ್ದು ಬಂಡಿ ಏರಿ ಊರಿಗೆ ಹೋಗುತ್ತದೆ ಎನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಮಾತು ನಾನು ಆಡುವುದೇ ಆಕೆಯನ್ನು ಮುಟ್ಟಿದಂತೆ ಎನಿಸಿತು. ಸೊಂಟ ನೋಯುತ್ತದಂತೆ ಎಂದೆ. ಬೇರೇನೂ ಇಲ್ಲವೇ, ಮೊದಲನೆಯದಕ್ಕೆ ಏನಂದಳು ಎಂದು ಬಾಯಾರು ಒತ್ತಿ ಕೇಳಿದರು. ಏನೂ ಇಲ್ಲವಂತೆ ಎಂದೆ.

ಅದು ಎಷ್ಟು ದೊಡ್ಡದೆಂದು ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಹೇಳಿಕೊಂಡೂ ಇದ್ದೇನೆ, ಬಹಳ ವರ್ಷ. ಆದರೆ ಡಾಕ್ಟರರು ದಿನವೂ ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಸಣ್ಣದಿರುವುದಿಲ್ಲ ಎಂದು ತಿಳಿಯಲು ಮ್ಯಾಟ್ರಿಕ್ ಕೂಡ ಬೇಕಾಗಿಲ್ಲ.

ಬಾಯಾರು ಹೊಟ್ಟೆ ಮುಟ್ಟಿ ನೋಡಿದರು, ಕಟ್ಟಿಗೆಯ ನಳಿಗೆಯಿಟ್ಟು ಕೂಸಿನ ಎದೆಬಡಿತ ಕೇಳಿದರು, ಭಾರ ಎತ್ತಬೇಡ ಎಂದರು. ಶಕ್ತಿಯ ಔಷಧ ಬರೆದರು. ನಾನೇ ಕಲಸಿ, ಪಟ್ಟಿ ಅಂಟಿಸಿ, ಬಾಟಲಿಯನ್ನು ಚಿಗವ್ವನ ಕೈಗೆ ಕೊಟ್ಟೆ. ಚಿಗವ್ವ ಪೂರ್ತಿ ಸಮಾಧಾನದಿಂದ ಹೋದಳು. ಹೇಳುವುದನ್ನು ಹೇಳಿ ಆಗಿತ್ತಲ್ಲ.

ಕೆಲವು ದಿನಗಳಾದ ಮೇಲೆ ನಡುಮಧ್ಯಾಹ್ನ ತಮ್ಮ ಚಕ್ಕಡಿ ಓಡಿಸಿಕೊಂಡು ಬಂದ. ಎತ್ತುಗಳ ಬಾಯಲ್ಲಿ ನೊರೆ. ಬಾಯಾರು ಊಟದ ತಾಟು ಬಿಟ್ಟು ಎದ್ದರು. ನಾನೂ ಹತ್ತಿದೆ. ಅಸಂಗಿ ಮುಟ್ಟುವಾಗ ಬಹಳ ರಕ್ತ ಹೋಗಿ ಆಕೆಗೆ ಎಚ್ಚರವಿರಲಿಲ್ಲ. ಬಾಯಾರು ಒಳಗೆ ಹೋದವರು ಏನೋ ಕೇಳುತ್ತಿದ್ದುದು ಅಂಗಳಕ್ಕೆ ಕೇಳಿಸುತ್ತಿತ್ತು: ಎಂದಿನಿಂದ, ಎಂದಿನಿಂದ ಎಂದು. ಮರಾಠಿಯ ಆ ಮಾತು ಒಳಗಿನ ಹೆಂಗಸರಿಗೆ ತಿಳಿಯಲಿಲ್ಲ. ನನ್ನನ್ನು ಕೂಗಿದರು. ನಾನು ಗಂಡಸರ ನಡುವೆ ನಿಂತಿದ್ದೆ. ತಮ್ಮನ ಹೆಂಡತಿ ಮಲಗಿದ ಕೋಣೆಗೆ ಭಾವ ಹೋಗುವುದು ಹೇಗೆ? ಹೋಗಲಿಲ್ಲ. ಹೊತ್ತು ಮುಳುಗುವುದರೊಳಗೆ ತಾಯಿ, ಕೂಸು ಇಬ್ಬರೂ ಇರಲಿಲ್ಲ. ಬಾಯಾರು ಹೊರಗೆ ಬಂದು ಬಾವಿಯ ಹತ್ತಿರ ಬಹಳ ಹೊತ್ತು ಕೈ ತೊಳೆದರು. ತಿರುಗಿ ಬರುವಾಗ ಬಂಡಿಯಲ್ಲಿ ಒಂದೇ ಮಾತು ಆಡಿದರು: ಅವತ್ತು ನಾನು ಏನು ನೋಡಲಿಲ್ಲ, ಮಾಸ್ತರ? ನಾನು ಎತ್ತುಗಳನ್ನು ನೋಡುತ್ತ ಕೂತೆ.

ಮಣ್ಣು ಕೊಟ್ಟ ಮೇಲಿನ ಸಂತೆಯ ದಿನ ತಮ್ಮ ದವಾಖಾನೆಯ ಮುಂದೆ ಬಂದು ನಿಂತ. ತಾಲೂಕಿನ ಅರ್ಧ ಮಂದಿ ಪೇಟೆಯಲ್ಲಿದ್ದರು.

‘ಕೈ ಹಚ್ಚಿ ನೋಡಿದಿ. ಕಣ್ಣ ಎಲ್ಲಿಟ್ಟಿದ್ದಿ? ನೀರ ಕುಡಿಸಿ ಕಳಿಸಿದಿ. ನಮ್ಮೂರ ಸೂಲಗಿತ್ತಿನ್ನ ಮುಟ್ಟಗೊಡಲಿಲ್ಲ ನಾ, ನಿನ್ನ ನಂಬಿ.’

ಬಾಯಾರು ಬಾಗಿಲಿಗೆ ಬಂದು ನಿಂತು ಕೊನೆಯವರೆಗೆ ಕೇಳಿದರು. ಏನನ್ನುತ್ತಾನೆ ಎಂದು ನನ್ನನ್ನು ಕೇಳಿದರು. ದುಃಖದಲ್ಲಿದ್ದಾನೆ ಎಂದೆ. ಇದನ್ನಾದರೂ ಇದ್ದಂತೆ ಹೇಳು ಎಂದರು. ಹೇಳಿದೆ. ಆ ಬೈಗಳನ್ನು ಮಾತ್ರ ಒಂದು ಶಬ್ದ ಬಿಡದೆ ಹೇಳಿದೆ.

ಸಾವಕಾರರ ಅಂಗಡಿಯ ಗಾದಿಯ ಮೇಲೆ ಬೈಠಕ್ಕು ಕೂಡಿತು. ಬಾಯಾರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು. ಚಿಗವ್ವನನ್ನು ಯಾರೂ ಕರೆಸಲಿಲ್ಲ. ಗಂಡಸರ ಬೈಠಕ್ಕಿಗೆ ಹಳ್ಳಿಯ ಹೆಂಗಸನ್ನು ಕರೆಯುವುದು ಯಾರ ತಲೆಗೂ ಹೊಳೆಯಲಿಲ್ಲ. ಆಕೆಯೂ ಮನೆಯ ಗಂಡಸರ ಮುಂದೆ ಮೊದಲೇ ರಕ್ತ ಹೋಗಿದ್ದ ಮಾತು ಎತ್ತಿರಲಿಲ್ಲ. ಅದು ಮಗನ ಮುಂದೆ ಆಡುವ ಮಾತಲ್ಲ. ಆಕೆಯ ಮಟ್ಟಿಗೆ, ಎಲ್ಲ ಹೇಳಿದರೂ ಡಾಕ್ಟರಬಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡಸರ ಮಟ್ಟಿಗೆ, ನೋಡಿದರೂ ಡಾಕ್ಟರಬಾಯಿಗೆ ತಿಳಿಯಲಿಲ್ಲ. ನಡುವೆ ಇದ್ದವನು ನಾನೊಬ್ಬ. ಬಾಯಾರು ಅದನ್ನೇ ಹೇಳಿದರು: ನನ್ನನ್ನು ಕೇಳಬೇಡಿ, ಅವನನ್ನು ಕೇಳಿ, ಆಕೆಯ ಮಾತು ಕೇಳಿದವನು ಅವನು.

ಹಿರೇ ಸಾವಕಾರರು ನನ್ನ ಕಡೆ ತಿರುಗಿದರು. ‘ಏನಂದಿದ್ಲಪಾ ಆ ಹುಡುಗಿ?’

‘ಸೊಂಟ ನೋವು ಅಂದ್ಲರಿ. ಅಷ್ಟ.’

ಬಾಯಾರು ನನ್ನ ಮುಖ ನೋಡಿದರು. ಸಂಶಯದಿಂದ ಅಲ್ಲ. ಲೆಕ್ಕ ತಪ್ಪಿದ ಹುಡುಗ ಮಾಸ್ತರನ ಕರಿಹಲಗೆಯನ್ನು ನೋಡುವಂತೆ. ಆಮೇಲೆ ಮರಾಠಿಯಲ್ಲಿ, ಹಾಗಾದರೆ ನನಗೆ ತಿಳಿಯಲಿಲ್ಲ ಎಂದರು. ವಾದ ಮಾಡಲಿಲ್ಲ. ಜತ್ತಕ್ಕೆ ಬರುವ ಬೇರೆ ಬಾಯಿ ಸಿಕ್ಕುವುದಿಲ್ಲವೆಂದು ಅವರನ್ನು ಇಟ್ಟುಕೊಂಡರು. ಸಿಕ್ಕಿದ್ದರೆ ಕಳಿಸುತ್ತಿದ್ದರು.

ದನದ ಸಂತೆಯಲ್ಲಿ ಆ ವರ್ಷವೇ ಒಂದು ಮಾತು ಹುಟ್ಟಿತು. ಎತ್ತು ಕೊಳ್ಳುವವನಿಗೆ ಜೊತೆಗಾರ ಹೇಳುವುದು: ‘ಡಾಕ್ಟರಬಾಯಿ ನೋಡಿದಂಗ ನೋಡಬ್ಯಾಡೋ, ಹಲ್ಲ ಹಿಡದ ನೋಡು.’ ಆ ಮಾತು ಅವರಿಗಿಂತ ಹೆಚ್ಚು ಕಾಲ ಬಾಳಿತು.

ಜನರ ಬಾಯಿಗಿಂತ ಕೆಟ್ಟದ್ದು ಬೇರೆ ಇತ್ತು, ಅದು ನನಗೆ ನಿಧಾನಕ್ಕೆ ತಿಳಿಯಿತು. ಬಾಯಾರು ನನ್ನ ಸುಳ್ಳಿನಿಂದ ಪಾಠ ಕಲಿತರು. ಬರೀ ಸೊಂಟ ನೋವಿನ ಹಿಂದೆಯೂ ಇಂಥ ಸಾವು ಅಡಗಿರಬಹುದು ಎಂದು ಅವರು ತಿಳಿದುಕೊಂಡರು. ಅಲ್ಲಿಂದ ಮುಂದೆ ತಿಂಗಳು ತುಂಬುತ್ತ ಬಂದ ಯಾವ ಹೆಂಗಸು ಸೊಂಟ ನೋವು ಎಂದರೂ ಮನೆಗೆ ಕಳಿಸುತ್ತಿರಲಿಲ್ಲ. ವಖಾರಿಯ ಹಿಂದಿನ ಕೋಣೆಯಲ್ಲಿ ಹೊರಸು ಹಾಕಿಸಿ ಮಲಗಿಸಿಕೊಳ್ಳುತ್ತಿದ್ದರು, ದಿನಗಟ್ಟಲೆ. ಒಕ್ಕಲುತನದ ಹೆಂಗಸರಲ್ಲಿ ಆ ತಿಂಗಳಲ್ಲಿ ಸೊಂಟ ನೋಯದವಳು ಯಾರು? ಅತ್ತೆಯಂದಿರು ಬಂದು ಜಗಳಾಡುತ್ತಿದ್ದರು, ಸುಗ್ಗಿಯ ಕೆಲಸ ಬಿದ್ದಿದೆ, ಇವಳಿಗೆ ಹೊರಸಿನ ಮೇಲೆ ಏನು ರಾಣಿವಾಸ ಎಂದು. ಬಾಯಾರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಒಮ್ಮೆ ಮಿರಜಕ್ಕೆ ಹೋದಾಗ ಹಿರಿಯ ಡಾಕ್ಟರರೊಬ್ಬರ ಮುಂದೆ ಈ ಸಂಗತಿ ಹೇಳಿದರಂತೆ. ಅವರು ನಕ್ಕು, ಹಳ್ಳಿಯಲ್ಲಿದ್ದು ಹಳ್ಳಿಯವಳಾದೆ ಎಂದರಂತೆ. ಬಂದು ನನಗೇ ಹೇಳಿದರು, ಬೇರೆ ಯಾರಿಗೆ ಹೇಳಬೇಕು? ‘ಅವರು ಪುಸ್ತಕ ಓದಿದ್ದಾರೆ, ಮಾಸ್ತರ. ನಾನು ಆ ಹುಡುಗಿಯನ್ನು ನೋಡಿದ್ದೇನೆ.’ ನಾನು ಬಾಟಲಿ ತೊಳೆಯುತ್ತಿದ್ದೆ, ತೊಳೆಯುತ್ತಲೇ ಇದ್ದೆ. ಅವತ್ತು ಹೇಳಬಹುದಾಗಿತ್ತು.

ಹೊರಸಿನ ಮೇಲಿನ ಹೆಂಗಸರಿಂದ ಒಂದು ಉಪಕಾರವಾಯಿತು. ಅವರಿಗೆ ಹೊತ್ತು ಹೋಗಬೇಕು, ಬಾಯಾರಿಗೆ ಚೌಕಾಬಾರ ಬೇಕು. ಮಧ್ಯಾಹ್ನವೆಲ್ಲ ಆಟ, ಆಟದಲ್ಲಿ ಮಾತು. ಎರಡು ಮೂರು ವರ್ಷಗಳಲ್ಲಿ ಬಾಯಾರಿಗೆ ಕನ್ನಡ ಬಂತು. ಅದು ಸಾಲಿಯ ಕನ್ನಡವೂ ಅಲ್ಲ, ಪೇಟೆಯ ಕನ್ನಡವೂ ಅಲ್ಲ. ಉಮದಿ, ಸೊರಡಿ ಕಡೆಯ ಒಕ್ಕಲಿಗರ ಹೆಂಗಸರು, ಕುರಿ ಕಾಯುವವರ ಹೆಂಡಂದಿರು ತಮ್ಮತಮ್ಮೊಳಗೆ ಆಡುವ ಕನ್ನಡ. ಯಾವ ಮಾತನ್ನು ಗಂಡಸರಿದ್ದಾಗ ಮೆಲ್ಲಗೆ ಆಡಬೇಕು, ಯಾವುದನ್ನು ಆಡಲೇಬಾರದು ಎಂಬುದನ್ನು ಮಾತ್ರ ಯಾರೂ ಅವರಿಗೆ ಕಲಿಸಿರಲಿಲ್ಲ. ಒಂದು ದಿನ ಪೇಟೆಯ ನಟ್ಟನಡುವೆ, ಗಿರಾಕಿಗಳು ತುಂಬಿದ ಅಂಗಡಿಯ ಮುಂದೆ ನಿಂತು ಹಿರೇ ಸಾವಕಾರರಿಗೆ, ‘ಸಾವಕಾರ್ರ, ನಿಮ್ಮ ಸೊಸಿಗೆ ಮುಟ್ಟ ನಿಂತು ಮೂರ ತಿಂಗಳಾತಂತ, ಇನ್ನೂ ಯಾಕ ತೋರಿಸಿಲ್ಲ, ಲಗೂನ ಕಳಸ್ರಿ’ ಎಂದರು. ಸಾವಕಾರರು ತಕ್ಕಡಿಯನ್ನು ಹೊಸದಾಗಿ ಕಂಡವರಂತೆ ನೋಡುತ್ತ ನಿಂತರು. ಮರುದಿನ ಸೊಸೆ ಬಂದಳು. ಪಡದೆ ಉಳಿಯಿತು, ಪಡದೆಯ ಈಚೆ ನನಗೆ ಕೆಲಸವಿರಲಿಲ್ಲ. ಬಿಟ್ಟುಹೋದ ಮನೆಗಳು ಒಂದೊಂದಾಗಿ ತಿರುಗಿ ಬಂದವು. ನಮ್ಮ ಅಸಂಗಿ ಬರಲಿಲ್ಲ.

ಆಗ ಜತ್ತ ಯಾವ ರಾಜ್ಯಕ್ಕೆ ಹೋಗಬೇಕು ಎಂಬ ವಾದ ಎಲ್ಲ ಕಟ್ಟೆಗಳ ಮೇಲೂ ನಡೆದಿತ್ತು. ಡಾಕ್ಟರಬಾಯಿ ಯಾವ ಕಡೆ ಎಂದು ಯಾರೋ ಚೇಷ್ಟೆಗೆ ಕೇಳಿದರು. ‘ಗಡಿ ಎಲ್ಲೆರ ಹಾಕ್ರಿ. ಕೂಸು ಬರೂ ದಾರಿ ಒಂದ’ ಎಂದರು, ಹೊಸದಾಗಿ ಕಲಿತ ಕನ್ನಡದಲ್ಲಿ. ಕೇಳಿದವನು ಎದ್ದು ಹೋದ.

ಆ ದಿನಗಳಲ್ಲೇ ಚಿಗವ್ವ ಬಂದಳು. ಬರುವ ಮನಸ್ಸಿರಲಿಲ್ಲ. ಗರ್ಭಕೋಶ ಜಾರಿ, ಕೂಡಲೂ ನಿಲ್ಲಲೂ ಆಗದೆ ಬಂದಳು. ಮಗನಿಗೆ ಸುಳ್ಳು ಹೇಳಿ, ಪೇಟೆಗೆ ಬಳೆ ಇಡಿಸಿಕೊಳ್ಳಲು ಹೋಗುತ್ತೇನೆಂದು ಬಂದಿದ್ದಳು. ನಾನು ಔಷಧದ ಕೋಣೆಯಲ್ಲಿದ್ದೆ. ಪಡದೆಯ ಒಳಗೆ ಬಾಯಾರು ಕನ್ನಡದಲ್ಲಿ, ಏನ ತ್ರಾಸವಾ, ನಾಚಬ್ಯಾಡ, ಬಿಚ್ಚಿ ಹೇಳು ಎಂದರು.

‘ಹೇಳ್ತೀನಿ. ನಮ್ಮ ಹುಡುಗಿ 'ನೆತ್ತರ ಹೋಗತೈತಿ, ನೋವಿಲ್ಲ' ಅಂತ ಅವತ್ತ ಬಿಚ್ಚೇ ಹೇಳಿದ್ಲು. ನಿಮಗ ಕಿವಿ ಕೇಳಲಿಲ್ಲ. ನಂದರ ಕೇಳ್ರಿ.’

ಬಾಯಾರು ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಯಾವತ್ತು, ಯಾರ ಮುಂದೆ, ಯಾವ ಶಬ್ದದಲ್ಲಿ ಎಂದು ಕೇಳಿದರು. ಚಿಗವ್ವ ಹೇಳಿದಳು. ಬಾಯಾರು ಆಕೆಯನ್ನು ಪೂರ್ತಿ ನೋಡಿ, ಮಾಡುವ ಉಪಚಾರ ಮಾಡಿ, ಮತ್ತೆ ಬರುವ ದಿನ ತಿಳಿಸಿ ಕಳಿಸಿದರು. ಅವಸರ ಮಾಡಲಿಲ್ಲ. ಆಮೇಲೆ ನನ್ನ ಕಡೆ ಬರುತ್ತಾರೆಂದು ನಾನು ಕಾದು ನಿಂತೆ. ಬರಲಿಲ್ಲ. ನೆಟ್ಟಗೆ ಹಿಂದಿನ ಕೋಣೆಗೆ ಹೋದರು. ಹೊರಸಿನ ಮೇಲೆ ಇದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ನೋಡಿ, ಎದ್ದೇಳ್ರಿ, ನಿಮಗ ಏನೂ ಆಗಿಲ್ಲ, ಮನಿಗೆ ಹೋಗ್ರಿ ಎಂದರು. ಹೆಂಗಸರಿಗೆ ಏನೂ ತಿಳಿಯಲಿಲ್ಲ, ಗಂಟು ಕಟ್ಟಿಕೊಂಡು ನಗುತ್ತ ಹೋದರು. ಬಾಯಾರು ಖಾಲಿ ಹೊರಸೊಂದರ ಮೇಲೆ ಕೂತರು.

ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ತಲೆ ಎತ್ತದೆ ಹೇಳಿದರು, ಮರಾಠಿಯಲ್ಲಿ. ‘ಇಷ್ಟು ವರ್ಷ ಈ ಕೈಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ನೀವು ನೋಡಿದಿರಿ, ದಿನಾ ನೋಡಿದಿರಿ.’

ಅವರು ನನಗೆ ನೀವು ಎಂದದ್ದು ಅದೇ ಮೊದಲು. ಅಲ್ಲಿಂದ ಹೋಗುವವರೆಗೂ ನೀವು ಎಂದೇ ಕರೆದರು. ಮಾಸ್ತರ ಎನ್ನಲಿಲ್ಲ.

ಕೆಲಸದಿಂದ ತೆಗೆಯುತ್ತೀರಾ ಎಂದು ಕೇಳಿದೆ. ನನಗೆ ಆಗ ಹೊಳೆದದ್ದು ಅದು. ಔಷಧ ಸರಿಯಾಗಿಯೇ ಕಲಸುತ್ತೀರಿ ಎಂದರು. ಸಾವಕಾರರಿಗೆ ಹೇಳುತ್ತೀರಾ ಎಂದೆ. ‘ಹೇಳಬೇಕಾದದ್ದು ನಿಮ್ಮ ತಮ್ಮನಿಗೆ. ಹೇಳಬೇಕಾದವರು ನೀವು. ನಾನು ಹೇಳಿದರೆ ತಪ್ಪು ಜಾರಿಸಿಕೊಳ್ಳುತ್ತಾಳೆ ಅಂತಾನೆ, ಮತ್ತೆ ಅವನ ಮನೆಯ ಹೆಂಗಸರು ಇಲ್ಲಿಗೆ ಬರುವುದಿಲ್ಲ. ಅವನ ಎರಡನೆಯ ಹೆಂಡತಿ ಬಸುರಿಯಂತಲ್ಲ.’ ಚಿಗವ್ವ ಹೇಳಿರಬೇಕು. ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಇವತ್ತು, ನಾಳೆ, ಹಬ್ಬ ಮುಗಿಯಲಿ, ಕೂಸು ಹುಟ್ಟಲಿ ಎಂದು ದೂಡಿದೆ. ಆ ಹೆಂಡತಿ ಸೂಲಗಿತ್ತಿಯ ಕೈಯಲ್ಲೇ ಹೆತ್ತಳು, ದೇವರು ಕಾಯ್ದ. ಬಾಯಾರು ಒಂದೆರಡು ಸಲ ಹೇಳಿದಿರಾ ಎಂದು ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಆ ದಶಕ ಮುಗಿಯುವ ಮೊದಲೇ ಅವರು ಜತ್ತ ಬಿಟ್ಟರು. ಕಳಿಸಲು ಬಸ್ಸಿನ ಹತ್ತಿರ ಬಂದವರೆಲ್ಲ ಹೆಂಗಸರು, ಕಂಕುಳಲ್ಲಿ ಮಕ್ಕಳು. ಟ್ರಂಕನ್ನು ಬಸ್ಸಿನ ಮೇಲೆ ನಾನು ಏರಿಸಿದೆ. ಕಿಟಕಿಯೊಳಗಿಂದ, ನೀವು ಇಳಿಯಿರಿ, ಬಿಸಿಲಿದೆ ಎಂದರು. ಅಷ್ಟೇ.

ಹೋದ ವರ್ಷ ಉಮದಿಯಲ್ಲಿ ಬಳಗದ ಮದುವೆ. ತಮ್ಮನೂ ಬಂದಿದ್ದ. ಈಗ ಅವನಿಗೂ ಕೋಲು ಬೇಕು. ಊಟವಾದ ಮೇಲೆ ಚಪ್ಪರದ ಕೆಳಗೆ ಹುಡುಗರು ಆಸ್ಪತ್ರೆಯ ಸುದ್ದಿ ತೆಗೆದರು. ತಮ್ಮ ಜತ್ತದ ಡಾಕ್ಟರಬಾಯಿಯ ಕಥೆ ಹೇಳತೊಡಗಿದ, ತಿಳಿಯದವಳು ಕೈ ಹಚ್ಚಿ ತನ್ನ ಮೊದಲ ಹೆಂಡತಿಯನ್ನು ಕೊಂದಳೆಂದು. ಈ ಕಥೆಯನ್ನು ನಾನು ಅವನ ಬಾಯಲ್ಲಿ ಎಷ್ಟೋ ಸಲ ಕೇಳಿ ಸುಮ್ಮನಿದ್ದೆ. ಆ ದಿನ ಬಾಯಾರು ಸತ್ತ ಸುದ್ದಿ ನನಗೆ ಗೊತ್ತಾಗಿ ಬಹಳ ದಿನವಾಗಿರಲಿಲ್ಲ. ಮರುದಿನ ಮುಂಜಾನೆ ಅವನನ್ನು ಚಹಾದ ಅಂಗಡಿಗೆ ಕರೆದುಕೊಂಡು ಹೋಗಿ, ಮೂಲೆಯ ಬಾಕಿನ ಮೇಲೆ ಕೂಡಿಸಿ ಎಲ್ಲ ಹೇಳಿದೆ.

ಚಹಾ ಆರಿ ಕೆನೆ ಕಟ್ಟಿತು. ಕೊನೆಗೆ ಅವನು, ಬಾಯಿಗೆ ಯಾಕ ಹೇಳಲಿಲ್ಲ ಎಂದ.

‘ಆಕಿ ನಿನ್ನ ಹೇಣತಿ ಅಂತ.’

‘ಆಕಿ ನಿನ್ನ ಮುಂದ ಹೇಳಿದ್ಲು?’

‘ಹೇಳಿದ್ಲು.’

ವಿಜಾಪುರದ ಬಸ್ಸು ಬಂದು ನಿಂತು ಹೋಯಿತು. ಹೊಡೆಯುತ್ತಾನೆ, ಇಲ್ಲವೆ ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

‘ಅಣ್ಣಾ, ನಾ ಆ ಬಾಯಿನ್ನ ಸಂತ್ಯಾಗ ನಿಂತ ಬೈದಿದ್ದೆ. ಊರ ಮಂದಿ ಕೇಳಿದ್ರು. ನೀ ಮೂಲಿಗೆ ಕರದು ನನ್ನೊಬ್ಬನ ಕಿವ್ಯಾಗ ಹೇಳಿದ್ರ ಮುಗೀತಂತ ತಿಳದಿ ಏನು? ನನಗ ಅಕ್ಷರ ಬರೂದಿಲ್ಲ. ನೀ ಮ್ಯಾಟ್ರಿಕ್ ಕಲ್ತಾವ. ಬರಿ. ನನ್ನ ಬೈಗಳಾನೂ ಬರಿ, ಆಕಿ ಹೇಳಿದ್ದನ್ನೂ ಬರಿ.’

ಬರೆದಿದ್ದೇನೆ. ಆ ಸಂತೆಯಲ್ಲಿ ನಿಂತು ಕೇಳಿದವರಲ್ಲಿ ಯಾರಾದರೂ ಇದ್ದರೆ, ಅವರ ಮಕ್ಕಳು, ಮೊಮ್ಮಕ್ಕಳು ಇದ್ದರೆ, ಇದು ಅವರಿಗೆ. ಆ ಹೆಣ್ಣುಮಗಳು ಹೇಳಬೇಕಾದದ್ದನ್ನು ಹೇಳಿದಳು. ಬಾಯಾರು ಕೇಳಬೇಕಾದದ್ದನ್ನು ಎರಡು ಸಲ ಕೇಳಿದರು. ಆಕೆಯ ಮಾತಿಗೆ ಬೇಕಾದ ಮರಾಠಿ ಶಬ್ದಗಳೆಲ್ಲ ನನಗೆ ಗೊತ್ತಿದ್ದವು.